ಶಕ್ತಿ ಪುಡಿ, ಮಾತ್ರೆ, ರಬ್ಬರ್ ಬ್ಯಾಂಡ್: ಅಪ್ಪ ಅಮ್ಮನಿಗೆ ಕೊಂಡಿದ್ದರಲ್ಲಿ ಯಾವುದು ಕೆಲಸ ಮಾಡಿತು

ಎಪ್ಪತ್ತು ದಾಟಿದ ಅಪ್ಪ ಅಮ್ಮನಿಗೆ "ಶಕ್ತಿಗೆ ಏನಾದರೂ ತಂದುಕೊಡಬೇಕು" ಅಂತ ಮೆಡಿಕಲ್ ಶಾಪ್ ಮುಂದೆ ನಿಂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ನಾವು ಕೊಂಡ ಎಲ್ಲದರಲ್ಲಿ ಹೆಚ್ಚು ಕೆಲಸಕ್ಕೆ ಬಂದಿದ್ದು ಮನೆಗೆ ಬಂದು ವ್ಯಾಯಾಮ ಕಲಿಸಿದ ಫಿಸಿಯೋಥೆರಪಿಸ್ಟ್, ಒಂದು ಗಟ್ಟಿ ಕುರ್ಚಿ, ಒಂದು ರಬ್ಬರ್ ಬ್ಯಾಂಡ್. ಅದಾದ ಮೇಲೆ ಬಿ12 ಮಾತ್ರೆ. ಪ್ರೋಟೀನ್ ಪುಡಿ ಕೆಲವರಿಗೆ ನಿಜಕ್ಕೂ ಬೇಕು, ಎಲ್ಲರಿಗೂ ಬೇಡ. ಮಂಡಿ ನೋವಿನ ಕ್ಯಾಪ್ಸೂಲ್‌ಗೆ ಹಾಕಿದ ದುಡ್ಡು ದಂಡ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಅಂತ ಬೇಕಾದವರು ಮುಂದೆ ಓದಿ.

ನಮ್ಮ ಮನೆಯ ಪರಿಸ್ಥಿತಿ ಹೇಳಿದರೆ ನಿಮ್ಮ ಮನೆಗೆ ಎಷ್ಟು ಹೊಂದುತ್ತದೆ ಅಂತ ನೀವೇ ನೋಡಿಕೊಳ್ಳಬಹುದು. ನಾವು ಮೈಸೂರಿನವರು. ಅಮ್ಮನಿಗೆ 73, ಅಪ್ಪನಿಗೆ 78. ಅಮ್ಮ ಅಪ್ಪಟ ಸಸ್ಯಾಹಾರಿ, ಶುಗರ್ ಇದೆ, ಬಹಳ ವರ್ಷದಿಂದ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದಾರೆ, ಜೊತೆಗೆ ದಿನಾ ಬೆಳಿಗ್ಗೆ ಒಂದು ಗ್ಯಾಸ್ ಮಾತ್ರೆ. ಅಪ್ಪ ಮೊಟ್ಟೆ ತಿನ್ನುತ್ತಾರೆ, ದಿನಾ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಹೋಗುತ್ತಾರೆ. ಅಮ್ಮ ನೆಲದ ಮೇಲೆ ಕೂತು ಪೂಜೆ ಮಾಡುವುದನ್ನು ಬಿಟ್ಟಿದ್ದರು. ಕೂರುವುದು ಕಷ್ಟ ಅಂತಲ್ಲ, ಏಳೋಕಾಗುವುದಿಲ್ಲ ಅಂತ. ಸ್ನಾನದ ಮನೆಗೆ ಹೋಗುವಾಗ ಗೋಡೆ ಹಿಡಿಯುತ್ತಿದ್ದರು. ಕೇಳಿದರೆ "ವಯಸ್ಸಾಯ್ತಲ್ಲಪ್ಪ, ಇನ್ನೇನು" ಅನ್ನುತ್ತಿದ್ದರು. ಈ ಮಾತನ್ನು ನಾವು ಮನೆಮಂದಿಯೆಲ್ಲ ಸೇರಿ ಒಪ್ಪಿಕೊಂಡುಬಿಡುತ್ತೇವೆ. ಒಪ್ಪಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ನಿಜ. ಅರವತ್ತರ ಮೇಲೆ ಅದರ ವೇಗ ಜಾಸ್ತಿಯಾಗುತ್ತದೆ. ಒಂದು ಜ್ವರ, ಒಂದು ಆಪರೇಷನ್, ಒಂದು ವಾರ ಹಾಸಿಗೆ ಹಿಡಿದರೆ ತೊಡೆ ಸಣ್ಣಗಾಗಿರುವುದು ಕಣ್ಣಿಗೇ ಕಾಣುತ್ತದೆ. ಇದಕ್ಕೆ ವೈದ್ಯರು ಸಾರ್ಕೋಪೀನಿಯ ಅನ್ನುತ್ತಾರೆ. ಇನ್ನೊಂದು ವಿಷಯವೂ ಇದೆ. ತಿಂದ ಪ್ರೋಟೀನನ್ನು ಮಾಂಸಖಂಡ ಮಾಡಿಕೊಳ್ಳುವ ಸಾಮರ್ಥ್ಯವೂ ವಯಸ್ಸಾದವರಲ್ಲಿ ಕಡಿಮೆ. ಅದೇ ಬೇಳೆ ಸಾರು ಮೂವತ್ತರ ಹುಡುಗನಿಗೆ ಮಾಡುವಷ್ಟನ್ನು ಎಪ್ಪತ್ತರವರಿಗೆ ಮಾಡುವುದಿಲ್ಲ. ಹಾಗಾಗಿ ವಯಸ್ಸಾದವರು ಕಡಿಮೆ ತಿನ್ನಬೇಕು ಅನ್ನುವುದು ಪ್ರೋಟೀನ್ ವಿಷಯದಲ್ಲಿ ತಿರುಗಾಮುರುಗಾ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಕೊಟ್ಟ ಲೆಕ್ಕ ದೊಡ್ಡವರಿಗೆ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ. ವಯಸ್ಸಾದವರನ್ನೇ ಗಮನದಲ್ಲಿಟ್ಟುಕೊಂಡು 2013-14ರಲ್ಲಿ ಯುರೋಪಿನ ತಜ್ಞರ ಗುಂಪುಗಳು ಹೇಳಿದ್ದು 1ರಿಂದ 1.2 ಗ್ರಾಂ. ಅಮ್ಮನ ತೂಕ 56 ಕೆಜಿ. ಅಂದರೆ ದಿನಕ್ಕೆ 56ರಿಂದ 67 ಗ್ರಾಂ ಬೇಕು.

ಅಮ್ಮ ತಿನ್ನುತ್ತಿದ್ದದ್ದು ಏನು? ಬೆಳಿಗ್ಗೆ ಎರಡು ಇಡ್ಲಿ ಅಥವಾ ಒಂದು ದೋಸೆ, ಮಧ್ಯಾಹ್ನ ಅನ್ನ ತಿಳಿಸಾರು ಪಲ್ಯ, ಸಂಜೆ ಕಾಫಿ ಜೊತೆ ಎರಡು ಬಿಸ್ಕೆಟ್, ರಾತ್ರಿ ಸ್ವಲ್ಪ ಮಜ್ಜಿಗೆ ಅನ್ನ. ಒಂದು ದಿನ ಎಲ್ಲ ಅಳೆದು ಕೂಡಿಸಿ ನೋಡಿದೆ, ನಲವತ್ತು ಗ್ರಾಂ ಮುಟ್ಟಲಿಲ್ಲ. ಸಾರಿನಲ್ಲಿ ಬೇಳೆ ಇರುತ್ತದಲ್ಲ ಅನ್ನಬೇಡಿ. ತೊಗರಿಬೇಳೆಯಲ್ಲಿ 100 ಗ್ರಾಂಗೆ 22 ಗ್ರಾಂ ಆಸುಪಾಸು ಪ್ರೋಟೀನ್ ಇರುವುದು ನಿಜ, ಆದರೆ ಒಬ್ಬರ ತಟ್ಟೆಗೆ ಬೀಳುವ ತಿಳಿಸಾರಿನಲ್ಲಿ ಬೇಳೆ ಇರುವುದೇ ಒಂದೆರಡು ಚಮಚ. ಹಾಗಾಗಿ ಪ್ರೋಟೀನ್ ಪುಡಿಯ ಡಬ್ಬಿ ತಂದೆವು.

ಡಬ್ಬಿಯ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ಹೆಚ್ಚು ದುಡ್ಡು ಹೋಗುವುದು ಅಲ್ಲೇ. ಹಿರಿಯರಿಗೆ ಅಂತ ಮಾರುವ ಪುಡಿಗಳ ಮುಂಭಾಗದಲ್ಲಿ ನಗುತ್ತಿರುವ ಅಜ್ಜ ಅಜ್ಜಿ ಚಿತ್ರ, "ಮೂಳೆಗೆ, ಸ್ನಾಯುವಿಗೆ, ರೋಗನಿರೋಧಕ ಶಕ್ತಿಗೆ" ಅಂತ ದೊಡ್ಡ ಅಕ್ಷರ. ನೀವು ನೋಡಬೇಕಾದ್ದು ಹಿಂಭಾಗದ ಸಣ್ಣ ಅಕ್ಷರ. ಅಲ್ಲಿ 100 ಗ್ರಾಂಗೆ ಎಷ್ಟು ಪ್ರೋಟೀನ್ ಅಂತ ಒಂದು ಕಾಲಂ, ಒಂದು ಸಲ ಕುಡಿಯುವ ಪುಡಿಯಲ್ಲಿ ಎಷ್ಟು ಅಂತ ಇನ್ನೊಂದು. ನಾನು ಅಂಗಡಿಯಲ್ಲಿ ತಿರುಗಿಸಿ ನೋಡಿದವುಗಳಲ್ಲಿ 100 ಗ್ರಾಂಗೆ 15 ಗ್ರಾಂ ಇರುವುದೂ ಇತ್ತು, 34 ಗ್ರಾಂ ಇರುವುದೂ ಇತ್ತು. ಬೆಲೆ ಮಾತ್ರ ಹೆಚ್ಚುಕಡಿಮೆ ಒಂದೇ. ಪ್ರೋಟೀನ್ 15 ಗ್ರಾಂ ಆದರೆ ಉಳಿದದ್ದೇನು? ಹೆಚ್ಚಿನದರಲ್ಲಿ ಮಾಲ್ಟೋಡೆಕ್ಸ್‌ಟ್ರಿನ್, ಸಕ್ಕರೆ, ಎಣ್ಣೆಯ ಪುಡಿ. ಮಾಲ್ಟೋಡೆಕ್ಸ್‌ಟ್ರಿನ್ ಪಿಷ್ಟದಿಂದ ಮಾಡಿದ್ದು, ನಾಲಿಗೆಗೆ ಸಿಹಿ ಅನ್ನಿಸದಿದ್ದರೂ ರಕ್ತದಲ್ಲಿ ಸಕ್ಕರೆ ಬೇಗ ಏರಿಸುತ್ತದೆ. "ಸಕ್ಕರೆ ಸೇರಿಸಿಲ್ಲ" ಅಂತ ಬರೆದಿದ್ದರೂ ಪದಾರ್ಥಗಳ ಪಟ್ಟಿಯಲ್ಲಿ ಇದು ಮೊದಲ ಸ್ಥಾನದಲ್ಲಿದ್ದರೆ ಶುಗರ್ ಇರುವವರಿಗೆ ಅದು ಬೇಡ. ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ, ಅಷ್ಟು ನೋಡಿದರೆ ಸಾಕು.

ಅಂಗಡಿಯ ಸೇವೆಯ ಬಗ್ಗೆ ಒಂದು ಮಾತು. ನಾವು ಹೋದ ಮೆಡಿಕಲ್ಸ್‌ನಲ್ಲಿ ಕೌಂಟರಿನ ಹುಡುಗ ಅಮ್ಮನ ಶುಗರ್ ಬಗ್ಗೆ ಕೇಳಲಿಲ್ಲ, ಕಿಡ್ನಿ ಬಗ್ಗೆ ಕೇಳಲಿಲ್ಲ, ನೇರವಾಗಿ ದುಬಾರಿಯದನ್ನು ತೆಗೆದು ಮುಂದಿಟ್ಟು "ಎಲ್ಲ ಡಾಕ್ಟ್ರೂ ಇದನ್ನೇ ಬರೀತಾರೆ ಅಂಕಲ್" ಅಂದ. ಕಿಡ್ನಿ ತೊಂದರೆ ಇರುವವರಿಗೆ ಜಾಸ್ತಿ ಪ್ರೋಟೀನ್ ಕೊಡುವುದು ಹಾನಿ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ಮಾಡಿಸದೆ, ಡಾಕ್ಟರನ್ನು ಕೇಳದೆ ಯಾರಿಗೂ ಈ ಡಬ್ಬಿ ಶುರು ಮಾಡಬೇಡಿ. ಶುಗರ್ ಮತ್ತು ಬಿಪಿ ಎರಡೂ ಇರುವವರಲ್ಲಿ ಕಿಡ್ನಿ ಸದ್ದಿಲ್ಲದೆ ಕೆಟ್ಟಿರುವುದು ಅಪರೂಪವಲ್ಲ.

ಜಿಮ್‌ಗೆ ಹೋಗುವ ಹುಡುಗರು ಕುಡಿಯುವ ವೇ ಪ್ರೋಟೀನ್ ಇನ್ನೊಂದು ದಾರಿ. ಹಾಲು ಒಡೆದಾಗ ಬರುವ ನೀರಿನಿಂದ ತೆಗೆದದ್ದು, 100 ಗ್ರಾಂಗೆ 70-80 ಗ್ರಾಂ ಪ್ರೋಟೀನ್ ಇರುತ್ತದೆ, ಹಾಗಾಗಿ ಅರ್ಧ ಸ್ಕೂಪ್ ಹಾಕಿದರೂ ಹತ್ತು ಹನ್ನೆರಡು ಗ್ರಾಂ ಸಿಗುತ್ತದೆ. ಹಿರಿಯರಿಗೆ ಅಂತ ಹೆಸರು ಹಾಕಿದ್ದಕ್ಕಿಂತ ಗ್ರಾಂ ಲೆಕ್ಕದಲ್ಲಿ ಇದು ಅಗ್ಗ. ಆದರೆ ಬ್ರ್ಯಾಂಡ್ ನೋಡಿ ಕೊಳ್ಳಬೇಕು. ಕೇರಳದ ವೈದ್ಯರ ತಂಡ ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ 2024ರಲ್ಲಿ ಪ್ರಕಟಿಸಿತು. ಅದರಲ್ಲಿ 25 ಪುಡಿಗಳಲ್ಲಿ ಡಬ್ಬಿ ಮೇಲೆ ಬರೆದ ಪ್ರೋಟೀನ್ ಲೆಕ್ಕ ಸರಿಯಿರಲಿಲ್ಲ. ಕೆಲವದರಲ್ಲಿ ಶಿಲೀಂಧ್ರದ (ಬೂಷ್ಟಿನ) ವಿಷ, ಕೀಟನಾಶಕದ ಅಂಶವೂ ಸಿಕ್ಕಿತು. ಗಿಡಮೂಲಿಕೆ ಬೆರೆಸಿದ ಪುಡಿಗಳ ಬಗ್ಗೆ ಆ ತಂಡ ಇನ್ನೂ ಹೆಚ್ಚು ಎಚ್ಚರಿಸಿತು. ಹೊರಗಿನ ಲ್ಯಾಬ್‌ನ ಪರೀಕ್ಷಾ ವರದಿಯನ್ನು ಬ್ಯಾಚ್ ನಂಬರ್ ಸಮೇತ ತೋರಿಸುವ ಕಂಪನಿಯದನ್ನೇ ಕೊಳ್ಳಿ. ಡಬ್ಬಿ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರಲೇಬೇಕು, ಆದರೆ ಅದೊಂದು ಇದ್ದ ಮಾತ್ರಕ್ಕೆ ಒಳಗಿರುವುದು ಬರೆದಷ್ಟೇ ಇದೆ ಅಂತ ಅರ್ಥವಲ್ಲ.

ನಮ್ಮ ಮನೆಯಲ್ಲಿ ಡಬ್ಬಿ ಏನು ಮಾಡಿತು ಅಂದರೆ, ಊಟ ತಪ್ಪಿಸಿತು. ಅಮ್ಮ ಸಂಜೆ ಆರೂವರೆಗೆ ಒಂದು ದೊಡ್ಡ ಲೋಟ ವೆನಿಲ್ಲಾ ಪುಡಿ ಕಲಸಿಕೊಂಡು ಕುಡಿದು "ಹೊಟ್ಟೆ ತುಂಬಿದೆ" ಅಂತ ರಾತ್ರಿ ಊಟ ಬಿಡುತ್ತಿದ್ದರು. ಲೆಕ್ಕ ಹಾಕಿದರೆ ಬಂದದ್ದೂ ಹೋದದ್ದೂ ಸರಿಸಮ. ವಯಸ್ಸಾದವರ ಹಸಿವೇ ಕಡಿಮೆ, ಅದರ ಮೇಲೆ ಈ ದ್ರವ ಹೋಗಿ ಕೂತರೆ ಊಟಕ್ಕೆ ಜಾಗ ಇರುವುದಿಲ್ಲ. ಕೊಡುವುದಾದರೆ ಊಟ ಆದ ಮೇಲೆ ಅಥವಾ ಎರಡು ಊಟದ ನಡುವೆ ಸಣ್ಣ ಲೋಟದಲ್ಲಿ ಕೊಡಿ, ಇಲ್ಲವಾದರೆ ಗಂಜಿ, ಮಜ್ಜಿಗೆ, ದೋಸೆ ಹಿಟ್ಟಿಗೇ ಬೆರೆಸಿ. ಕುದಿಯುವ ಹಾಲಿಗೆ ಹಾಕಿದರೆ ಗಂಟು ಕಟ್ಟುತ್ತದೆ, ಉಗುರು ಬೆಚ್ಚಗಿರಲಿ. ಹಾಲು ಅರಗದವರಿಗೆ ಹೊಟ್ಟೆ ಉಬ್ಬರ ಬರುತ್ತದೆ, ಅವರಿಗೆ ವೇ ಐಸೋಲೇಟ್ (ಹಾಲಿನ ಸಕ್ಕರೆ ಬಹುಪಾಲು ತೆಗೆದ ವೇ) ಅಥವಾ ಬಟಾಣಿ, ಸೋಯಾದಿಂದ ಮಾಡಿದ್ದು ಸರಿ.

ಹಾಗಾದರೆ ಡಬ್ಬಿ ಯಾರಿಗೆ? ಆಪರೇಷನ್ ಆಗಿ ಮನೆಗೆ ಬಂದವರಿಗೆ, ತಾವಾಗಿ ಇಳಿಸದಿದ್ದರೂ ತೂಕ ಇಳಿಯುತ್ತಿರುವವರಿಗೆ, ಹಲ್ಲಿಲ್ಲದೆ ಅಗಿಯಲಾಗದವರಿಗೆ, ಎರಡು ತುತ್ತಿಗೆ ಸಾಕು ಅನ್ನುವವರಿಗೆ. ಇಂಥವರಿಗೆ ಅದು ಒಳ್ಳೆಯ ವಸ್ತು, ಕೊಡಲೇಬೇಕಾದ ವಸ್ತು. ಚೆನ್ನಾಗಿ ಊಟ ಮಾಡುವವರಿಗೆ ಅಡುಗೆಮನೆಯಲ್ಲೇ ದಾರಿ ಇದೆ.

ನಾವು ಮಾಡಿಕೊಂಡ ಬದಲಾವಣೆ ದೊಡ್ಡದೇನಲ್ಲ. ತಿಳಿಸಾರಿನ ಜೊತೆಗೆ ಗಟ್ಟಿ ತೊವ್ವೆ ಬಂತು. ಸಂಜೆ ಬಿಸ್ಕೆಟ್ ಬದಲು ಹೆಸರುಕಾಳಿನದೋ ಕಡಲೆಕಾಳಿನದೋ ಮೆತ್ತಗೆ ಬೇಯಿಸಿದ ಉಸಲಿ. ಹುರಿಗಡಲೆ ಪುಡಿ ಮಾಡಿ ಮಜ್ಜಿಗೆಗೆ ಎರಡು ಚಮಚ, ಸ್ವಲ್ಪ ಜೀರಿಗೆ ಉಪ್ಪು. 100 ಗ್ರಾಂ ಹುರಿಗಡಲೆಯಲ್ಲಿ 20 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಇದೆ, ಅಗಿಯುವ ಕಷ್ಟ ಇಲ್ಲ. ದೊಡ್ಡ ಬಟ್ಟಲು ಮೊಸರು. ಉತ್ತರ ಕರ್ನಾಟಕದ ಕಡೆಯ ಶೇಂಗಾ ಚಟ್ನಿಪುಡಿ ಈಗ ನಮ್ಮ ಮನೆಯಲ್ಲಿ ಖಾಲಿಯಾಗಲು ಬಿಡುವುದಿಲ್ಲ, ಶೇಂಗಾದಲ್ಲಿ 100ಕ್ಕೆ 24-25 ಗ್ರಾಂ ಇದೆ. ಅಪ್ಪನಿಗೆ ದಿನಾ ಎರಡು ಮೊಟ್ಟೆ, ಅಲ್ಲೇ 12 ಗ್ರಾಂ ಆಯಿತು. ಹುರಳಿಕಾಳಿನ ಕಟ್ಟು ಸಾರು ಮಾಡಿದರೆ ಕಟ್ಟಷ್ಟೇ ಕುಡಿದು ಕಾಳು ಬಿಡಬಾರದು, ಪ್ರೋಟೀನ್ ಹೆಚ್ಚಾಗಿ ಇರುವುದು ಕಾಳಿನಲ್ಲೇ, ಅದನ್ನು ಪಲ್ಯವೋ ಬಸ್ಸಾರಿನ ಖಾರವೋ ಮಾಡಿ ತಿನ್ನಬೇಕು. ಇನ್ನು ರಾಗಿ. "ರಾಗಿ ಮಾಲ್ಟ್ ಕುಡೀತಾರೆ, ಅದರಲ್ಲೇ ಎಲ್ಲ ಪ್ರೋಟೀನ್ ಇದೆ" ಅಂತ ಬಹಳ ಜನ ಅಂದುಕೊಂಡಿದ್ದಾರೆ. ರಾಗಿಯಲ್ಲಿ ಪ್ರೋಟೀನ್ 100 ಗ್ರಾಂಗೆ 7 ಗ್ರಾಂ ಅಷ್ಟೇ. ರಾಗಿಯ ಹೆಚ್ಚುಗಾರಿಕೆ ಕ್ಯಾಲ್ಸಿಯಂನಲ್ಲಿ, 100 ಗ್ರಾಂಗೆ 350 ಮಿ.ಗ್ರಾಂ ಆಸುಪಾಸು. ಮುದ್ದೆ ತಿನ್ನುವ ಮನೆಗಳಲ್ಲಿ ಇದು ಆಸ್ತಿ. ಮೊಳಕೆ ಬರಿಸಿ ಮಾಡಿದ ಹುರಿಹಿಟ್ಟಾದರೆ ಅದು ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ.

ಇಷ್ಟೆಲ್ಲ ತಿಂದರೂ ಸುಮ್ನೆ ಕೂತಿದ್ದರೆ ಕಾಲಿಗೆ ಬಲ ಬರುವುದಿಲ್ಲ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. 1994ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಒಂದು ಪ್ರಯೋಗ ನಡೆಯಿತು. ಸರಾಸರಿ 87 ವರ್ಷದ, ಬಹಳ ದುರ್ಬಲರಾಗಿದ್ದ 100 ಜನ. ಕೆಲವರಿಗೆ ಕಾಲಿಗೆ ಭಾರ ಬೀಳುವ ವ್ಯಾಯಾಮ, ಕೆಲವರಿಗೆ ಬರೀ ಪೌಷ್ಟಿಕ ಪಾನೀಯ, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ಹತ್ತು ವಾರ. ವ್ಯಾಯಾಮ ಮಾಡಿದವರ ಸ್ನಾಯುಬಲ 113 ಶೇಕಡಾ ಏರಿತು, ಅಂದರೆ ಎರಡು ಪಟ್ಟಿಗೂ ಹೆಚ್ಚಾಯಿತು. ನಡಿಗೆಯ ವೇಗ ಹೆಚ್ಚಿತು, ಮೆಟ್ಟಿಲು ಹತ್ತುವ ಶಕ್ತಿ ಹೆಚ್ಚಿತು. ಬರೀ ಪಾನೀಯ ಕುಡಿದವರಲ್ಲಿ ಏನೂ ಆಗಲಿಲ್ಲ. ಇದು ಬಂದು ಮೂವತ್ತು ವರ್ಷ ದಾಟಿದೆ, ಇವತ್ತಿಗೂ ನಮ್ಮ ಟಿವಿಯಲ್ಲಿ ಡಬ್ಬಿಯ ಜಾಹೀರಾತು ಬರುತ್ತದೆ, ಕುರ್ಚಿಯ ಜಾಹೀರಾತು ಬರುವುದಿಲ್ಲ. ನನಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ. ಎಂಬತ್ತೇಳು ವರ್ಷದವರಿಗೆ ಬಲ ಬರುತ್ತದೆ ಅಂದರೆ ಎಪ್ಪತ್ಮೂರು ವರ್ಷದ ಅಮ್ಮನಿಗೆ "ವಯಸ್ಸಾಯ್ತು" ಅಂತ ಹೇಳಿ ಕೂರಿಸುವುದು ಅನ್ಯಾಯ ಅಲ್ವಾ?

ಮನೆಗೆ ಬರುವ ಫಿಸಿಯೋಥೆರಪಿ ಸೇವೆಯನ್ನು ಎರಡು ಕಡೆಯಿಂದ ನೋಡಿದ್ದೇವೆ. ಮೊದಲು ಬಂದದ್ದು ಒಂದು ಏಜೆನ್ಸಿಯಿಂದ. ಹುಡುಗ ಒಂದು ಪೆಟ್ಟಿಗೆ ತಂದು ಮಂಡಿಗೆ ಪ್ಯಾಡ್ ಅಂಟಿಸಿ, ಕರೆಂಟ್ ಕೊಟ್ಟು, ಅರ್ಧ ಗಂಟೆ ಫೋನ್ ನೋಡಿಕೊಂಡು ಕೂತು ಹೋಗುತ್ತಿದ್ದ. ನೋವು ಆ ಸಂಜೆಗೆ ಕಡಿಮೆಯಾಗುತ್ತಿತ್ತು, ಮರುದಿನ ಅಷ್ಟೇ. ಒಂದೇ ಒಂದು ವ್ಯಾಯಾಮ ಹೇಳಿಕೊಡಲಿಲ್ಲ. ಪ್ಯಾಕೇಜ್ ದುಡ್ಡು ಮುಂಗಡ ಕೊಟ್ಟಿದ್ದರಿಂದ ಮುಗಿಯುವವರೆಗೂ ಸಹಿಸಿಕೊಂಡೆವು. ಆಮೇಲೆ ಪರಿಚಯದವರಿಂದ ಒಬ್ಬ ಮೇಡಂ ಬಂದರು. ಸಲಕ್ಕೆ ಐನೂರು ರೂಪಾಯಿ. ಕೈಯಲ್ಲಿ ಯಂತ್ರ ಇರಲಿಲ್ಲ. ಬಂದವರೇ ಅಮ್ಮನ ಮಾತ್ರೆಗಳನ್ನೆಲ್ಲ ನೋಡಿದರು, ಹಿಂದೆ ಬಿದ್ದಿದ್ದೀರಾ ಅಂತ ಕೇಳಿದರು, ಆಮೇಲೆ ಕೈಯಿಲ್ಲದ ಒಂದು ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು "ಕೈ ಎದೆ ಮೇಲೆ ಇಟ್ಕೊಂಡು ಎದ್ದು ಕೂತ್ಕೊಳ್ಳಿ ಅಮ್ಮ, 30 ಸೆಕೆಂಡ್‌ನಲ್ಲಿ ಎಷ್ಟು ಆಗುತ್ತೆ ನೋಡೋಣ" ಅಂದರು.

ಈ ಪರೀಕ್ಷೆಯನ್ನು ನೀವು ಇವತ್ತೇ ನಿಮ್ಮ ಮನೆಯಲ್ಲಿ ಮಾಡಿ ನೋಡಬಹುದು, ಪಕ್ಕದಲ್ಲಿ ಒಬ್ಬರು ನಿಂತಿರಬೇಕು ಅಷ್ಟೇ. ಅಮೆರಿಕದ ಸಿಡಿಸಿ ಸಂಸ್ಥೆಯ ಲೆಕ್ಕದಲ್ಲಿ 70ರಿಂದ 74 ವರ್ಷದ ಹೆಂಗಸರು 10ಕ್ಕಿಂತ ಕಡಿಮೆ, ಗಂಡಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಬೀಳುವ ಅಪಾಯ ಇದೆ ಅಂತ ಅರ್ಥ. ಕೈ ಊರಿ ಎದ್ದರೆ ಸೊನ್ನೆ. ಅಮ್ಮನಿಗೆ ಬಂದದ್ದು ಸೊನ್ನೆ. ದಿನಾ ಕೆರೆ ಏರಿ ಸುತ್ತುವ ಅಪ್ಪನಿಗೂ ಹತ್ತು ದಾಟಲಿಲ್ಲ, ಅವರ ವಯಸ್ಸಿಗೆ 11 ಆಗಬೇಕಿತ್ತು. ಅಪ್ಪ ಇದನ್ನು ಸ್ವಲ್ಪ ಹೊತ್ತು ಒಪ್ಪಲೇ ಇಲ್ಲ. ವಾಕಿಂಗ್ ಹೃದಯಕ್ಕೆ, ಶುಗರಿಗೆ, ಮನಸ್ಸಿಗೆ ಒಳ್ಳೆಯದು, ಬಿಡಬಾರದು. ಆದರೆ ತೊಡೆಗೆ, ಸೊಂಟಕ್ಕೆ ಬಲ ಬರಬೇಕಾದರೆ ಅದಕ್ಕೆ ಭಾರ ಬೀಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ಹೇಳಿದ್ದೂ ಅದನ್ನೇ: ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ಚಟುವಟಿಕೆ, ಅದರ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲದ ವ್ಯಾಯಾಮ, ಮೂರು ದಿನ ಸಮತೋಲನದ ವ್ಯಾಯಾಮ. ನಮ್ಮಲ್ಲಿ ಮೊದಲನೆಯದನ್ನಷ್ಟೇ ಎಲ್ಲರೂ ಹೇಳುತ್ತಾರೆ.

ಮೇಡಂ ಕಲಿಸಿದ್ದು ಬಹಳ ಸರಳ. ಮೊದಲು ಕುರ್ಚಿ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡಿ ಎದ್ದು ಕೂರುವುದು. ಅದು ಸುಲಭವಾದ ಮೇಲೆ ದಿಂಬು ತೆಗೆದರು. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಆಮೇಲೆ ಮುಂಗಾಲು ಎತ್ತುವುದು. ಒಂದು ಕಾಲಿನ ಮೇಲೆ ನಿಲ್ಲುವುದು, ಮೊದಲು ಎರಡು ಕೈಯಲ್ಲಿ ಹಿಡಿದು, ಆಮೇಲೆ ಒಂದು ಕೈ, ಆಮೇಲೆ ಒಂದು ಬೆರಳು. ಹಿಮ್ಮಡಿಗೆ ಬೆರಳು ತಾಗಿಸಿ ಒಂದೇ ಗೆರೆಯಲ್ಲಿ ನಡೆಯುವುದು, ಪಕ್ಕಕ್ಕೆ ಹೆಜ್ಜೆ ಹಾಕುವುದು. ಕುರ್ಚಿಯಲ್ಲಿ ಕೂತು ಅರ್ಧ ಕೆಜಿಯ ಮರಳಿನ ಪಟ್ಟಿ ಕಣಕಾಲಿಗೆ ಕಟ್ಟಿ ಕಾಲು ನೇರ ಮಾಡುವುದು. ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದವರು ರೂಪಿಸಿದ ಮನೆ ವ್ಯಾಯಾಮದಲ್ಲೂ ಹೆಚ್ಚುಕಡಿಮೆ ಇವೇ ಇವೆ, ಅಲ್ಲಿ ಇದನ್ನು ಮಾಡಿದ 65 ದಾಟಿದವರಲ್ಲಿ ಬೀಳುವುದು ಸುಮಾರು 35 ಶೇಕಡಾ ಕಡಿಮೆಯಾಯಿತು. ಇದಕ್ಕೆ ಸಮನಾದ ಲಾಭ ತೋರಿಸಿದ ಪುಡಿ, ಮಾತ್ರೆ ನನಗಂತೂ ಕಂಡಿಲ್ಲ.

ಎಚ್ಚರಿಕೆಗಳನ್ನೂ ಅವರು ಚೆನ್ನಾಗಿ ಹೇಳಿದರು. ಏಳುವಾಗ ಉಸಿರು ಬಿಡಬೇಕು, ಉಸಿರು ಹಿಡಿದು ಬಲ ಹಾಕಿದರೆ ಬಿಪಿ ಏರುತ್ತದೆ. ಮರುದಿನ ಮಾಂಸಖಂಡ ಸ್ವಲ್ಪ ನೋಯುವುದು ಸಹಜ, ಕೀಲು ಚುಚ್ಚಿದ ಹಾಗೆ ನೋಯುವುದು ಸಹಜವಲ್ಲ. ಎದೆ ಹಿಡಿದ ಹಾಗೆ ಆದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು. ಮೂಳೆ ಸವೆತ ಇರುವವರು ಬೆನ್ನು ಬಗ್ಗಿಸಿ ಕಾಲ್ಬೆರಳು ಮುಟ್ಟುವ ವ್ಯಾಯಾಮ ಮಾಡಬಾರದು, ಬೆನ್ನುಮೂಳೆ ಕುಸಿಯುವ ಅಪಾಯ ಇದೆ. ಯೋಗ ತರಗತಿಗೆ ಹೋಗುವ ಹಿರಿಯರು ಇದನ್ನು ಗುರುಗಳಿಗೆ ಮೊದಲೇ ಹೇಳಬೇಕು.

ಕೆಲವು ತಿಂಗಳಾದ ಮೇಲೆ ಅಮ್ಮನ ಲೆಕ್ಕ ಹನ್ನೊಂದಕ್ಕೆ ಬಂತು, ಕೈ ಊರದೆ. ಬಾತ್‌ರೂಮಿನ ಗೋಡೆ ಹಿಡಿಯುವುದು ನಿಂತಿತು. ಸಿಟಿ ಬಸ್ಸಿನ ಮೆಟ್ಟಿಲು ಹತ್ತುತ್ತಾರೆ. ಮಂಡಿ ನೋವು ಪೂರ್ತಿ ಹೋಗಿಲ್ಲ, ಹೋಗುತ್ತದೆ ಅಂತ ಮೇಡಂ ಕೂಡ ಹೇಳಿರಲಿಲ್ಲ, ಆದರೆ ತೊಡೆಗೆ ಬಲ ಬಂದ ಹಾಗೆ ಮಂಡಿಯ ಮೇಲಿನ ಹೊರೆ ಕಡಿಮೆಯಾಗಿದೆ. ಈಗ ಮೇಡಂ ತಿಂಗಳಿಗೊಮ್ಮೆ ಬಂದು ನೋಡಿ, ಬ್ಯಾಂಡ್ ಗಟ್ಟಿ ಮಾಡಿ ಹೋಗುತ್ತಾರೆ.

ಬ್ಯಾಂಡ್ ಅಂದರೆ ಉದ್ದದ ಚಪ್ಪಟೆ ರಬ್ಬರ್ ಪಟ್ಟಿ. ಥೆರಾಬ್ಯಾಂಡ್ ಕಂಪನಿಯದರಲ್ಲಿ ಹಳದಿ ಮೆತ್ತಗಿನದು, ಆಮೇಲೆ ಕೆಂಪು, ಹಸಿರು, ನೀಲಿ, ಕಪ್ಪು ಹೀಗೆ ಗಟ್ಟಿ ಆಗುತ್ತಾ ಹೋಗುತ್ತದೆ. ಅಗ್ಗದ ಬ್ರ್ಯಾಂಡ್‌ಗಳಲ್ಲಿ ಬಣ್ಣಕ್ಕೂ ಗಟ್ಟಿತನಕ್ಕೂ ಇದೇ ಕ್ರಮ ಇರುವುದಿಲ್ಲ, ಎಳೆದು ನೋಡಿ ತೆಗೆದುಕೊಳ್ಳಿ. ಹಿರಿಯರು ಹಳದಿ ಅಥವಾ ಕೆಂಪಿನಿಂದ ಶುರು ಮಾಡಬಹುದು. ಗುಂಡಗಿನ ಸಣ್ಣ ಲೂಪ್ ಬ್ಯಾಂಡ್ ಕೊಳ್ಳಬೇಡಿ, ಅದನ್ನು ಕಾಲಿಗೆ ಏರಿಸುವಾಗಲೇ ಜೋಲಿ ಹೊಡೆಯುತ್ತಾರೆ. ಅಗ್ಗದ್ದು ಬಿಸಿಲು ಬೀಳುವ ಕಡೆ ಇಟ್ಟರೆ ಕೆಲವೇ ತಿಂಗಳಲ್ಲಿ ಅಂಚು ಬಿರಿಯುತ್ತದೆ. ಬಿರಿದದ್ದು ಕಂಡರೆ ಎಸೆಯಿರಿ, ಹರಿದು ಮುಖಕ್ಕೆ ಹೊಡೆದರೆ ಕಣ್ಣಿಗೆ ಅಪಾಯ.

ಪಾರ್ಕಿನ ಓಪನ್ ಜಿಮ್ ಬಗ್ಗೆ ಕೇಳುವವರಿಗೆ: ಕೂತು ಕಾಲಿನಿಂದ ತಳ್ಳುವುದು, ಕೂತು ಎದೆಯ ಮುಂದೆ ತಳ್ಳುವುದು ಇವೆರಡು ಪರವಾಗಿಲ್ಲ. ನಿಂತು ಎರಡು ಕಾಲೂ ಗಾಳಿಯಲ್ಲಿ ತೂಗುವ ಯಂತ್ರ ಎಪ್ಪತ್ತು ದಾಟಿದವರಿಗೆ ಬೇಡವೇ ಬೇಡ. ಹತ್ತುವಾಗ ಇಳಿಯುವಾಗ ಪಾದದ ಹಲಗೆ ಅಲ್ಲಾಡುತ್ತದೆ, ಅಲ್ಲೇ ಬೀಳುವುದು.

ಈಗ ಮಾತ್ರೆಗಳು. ಬಿ12ಗೆ ನನ್ನಿಂದ ಪೂರ್ತಿ ಅಂಕ. ಸಸ್ಯಾಹಾರಿಗಳಿಗೆ ಇದು ಹಾಲು ಮೊಸರಿನಿಂದ ಮಾತ್ರ ಸಿಗುವುದು. ಅದರ ಮೇಲೆ ಮೆಟ್‌ಫಾರ್ಮಿನ್ ಇದನ್ನು ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ, ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ ಬಹಳ ಕಾಲ ತಗೊಂಡರೂ ಕಡಿಮೆಯಾಗುತ್ತದೆ. ಅಮ್ಮನಿಗೆ ಮೂರೂ ಇತ್ತು. ಪಾದ ಜೋಮು ಹಿಡಿದ ಹಾಗೆ ಆಗುತ್ತದೆ ಅಂದಾಗ ಎಲ್ಲರೂ ಶುಗರಿಂದ ಅಂದುಕೊಂಡಿದ್ದೆವು. ರಕ್ತ ಪರೀಕ್ಷೆಯಲ್ಲಿ ಬಿ12 ಬಹಳ ಕಡಿಮೆ ಇತ್ತು. ಪಾದಕ್ಕೆ ನೆಲದ ಸ್ಪರ್ಶ ಸರಿಯಾಗಿ ಗೊತ್ತಾಗದಿದ್ದರೆ ಸಮತೋಲನ ಹೇಗೆ ಬರಬೇಕು? ಡಾಕ್ಟರ್ ಮೊದಲು ಇಂಜೆಕ್ಷನ್ ಕೊಟ್ಟು ಆಮೇಲೆ ಮಾತ್ರೆಗೆ ಬದಲಾಯಿಸಿದರು. ಅಗ್ಗದ ಮಾತ್ರೆ, ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಲಾಭ ಬೇರೆ ಯಾವ ಮಾತ್ರೆಯಿಂದಲೂ ಆಗಲಿಲ್ಲ. ಆದರೆ ಪರೀಕ್ಷೆ ಮಾಡಿಸಿಯೇ ಶುರು ಮಾಡಿ, ಮೊದಲೇ ನುಂಗಿದರೆ ರಿಪೋರ್ಟ್ ಸರಿ ಬರುವುದಿಲ್ಲ.

ವಿಟಮಿನ್ ಡಿ ವಿಷಯದಲ್ಲಿ ನನಗೆ ಭಯ ಇರುವುದು ಆ ಸಣ್ಣ ಸ್ಯಾಶೆ ಬಗ್ಗೆ. ಅದರಲ್ಲಿ 60,000 ಐಯು (ವಿಟಮಿನ್ ಅಳೆಯುವ ಮಾನ) ಇರುತ್ತದೆ, ಡಾಕ್ಟರ್ ಬರೆಯುವುದು ವಾರಕ್ಕೊಂದು, ಕೆಲವು ವಾರ ಮಾತ್ರ. ಅದನ್ನು ದಿನಾ ಒಂದು ಅಂತ ತಪ್ಪು ತಿಳಿದು ತಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಕಿಡ್ನಿ ತೊಂದರೆವರೆಗೂ ಹೋಗುತ್ತದೆ. ಹಿರಿಯರ ಕೈಗೆ ಪೂರ್ತಿ ಪೊಟ್ಟಣ ಕೊಡಬೇಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಒಂದೊಂದೇ ಕೊಡಿ. ಜಾಸ್ತಿ ಕೊಟ್ಟರೆ ಜಾಸ್ತಿ ಒಳ್ಳೆಯದು ಅಂತೇನೂ ಇಲ್ಲ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ ಒಟ್ಟಿಗೆ 5 ಲಕ್ಷ ಐಯು ಕೊಟ್ಟು ನೋಡಿದರು, 2010ರಲ್ಲಿ ಬಂದ ಫಲಿತಾಂಶದಲ್ಲಿ ಬೀಳುವುದೂ ಮೂಳೆ ಮುರಿಯುವುದೂ ಜಾಸ್ತಿಯಾಗಿತ್ತು. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ದೊಡ್ಡ ಅಧ್ಯಯನದ 2022ರ ವರದಿಯಲ್ಲಿ ದಿನಕ್ಕೆ 2,000 ಐಯು ತಗೊಂಡವರಲ್ಲಿ ಮೂಳೆ ಮುರಿತ ಕಡಿಮೆಯಾಗಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಕೊರತೆ ಇರಲಿಲ್ಲ ಅನ್ನುವುದನ್ನೂ ಗಮನಿಸಬೇಕು. ಕೊರತೆ ಇದ್ದವರಿಗೆ ಬೇಕು, ಇಲ್ಲದವರಿಗೆ ಸುಮ್ನೆ ನುಂಗುವುದು ಬೇಡ. ಬೆಳಗಿನ ಎಳೆ ಬಿಸಿಲಲ್ಲಿ ಕೂತರೆ ಸಾಕು ಅನ್ನುವುದೂ ಸರಿಯಲ್ಲ, ಚರ್ಮದಲ್ಲಿ ವಿಟಮಿನ್ ಡಿ ಆಗಲು ಬೇಕಾದ ಕಿರಣ ಹೊತ್ತು ಏರಿದ ಮೇಲೆಯೇ ಸಿಗುವುದು.

ಕ್ಯಾಲ್ಸಿಯಂ ಮಾತ್ರೆ ನುಂಗುವ ಮುಂಚೆ ಊಟದಲ್ಲಿ ಎಷ್ಟು ಬರುತ್ತಿದೆ ನೋಡಿ. ಮುದ್ದೆ, ಮೊಸರು, ಹಾಲು, ಎಳ್ಳು ತಿನ್ನುವವರಿಗೆ ಮಾತ್ರೆ ಪೂರ್ತಿ ಬೇಕಾಗದೇ ಇರಬಹುದು. ಬೇಕಾದರೆ ಒಂದು ಸಲಕ್ಕೆ 500 ಮಿ.ಗ್ರಾಂ ಮೀರಬಾರದು, ಕಾರ್ಬೊನೇಟ್ ಆದರೆ ಊಟದ ಜೊತೆ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಇದಕ್ಕೂ ಅದಕ್ಕೂ ನಾಲ್ಕು ಗಂಟೆ ಅಂತರ ಇಡಲೇಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ. ಇದನ್ನು ಮೆಡಿಕಲ್ಸ್‌ನಲ್ಲಿ ಯಾರೂ ಹೇಳುವುದಿಲ್ಲ. ಕ್ಯಾಲ್ಸಿಯಂ ಮತ್ತು ಡಿ3 ಮಾತ್ರೆ ಜನೌಷಧಿ ಕೇಂದ್ರದಲ್ಲಿ ಬಹಳ ಅಗ್ಗ, ಅಲ್ಲಿಂದಲೇ ತನ್ನಿ.

ಮಂಡಿಗೆ ಗ್ಲುಕೋಸಮಿನ್, ಕಾಂಡ್ರಾಯ್ಟಿನ್ ಕ್ಯಾಪ್ಸೂಲ್: 2006ರಲ್ಲಿ ಅಮೆರಿಕದಲ್ಲಿ 1,583 ಮಂಡಿ ನೋವಿನವರ ಮೇಲೆ ಪರೀಕ್ಷೆ ಮಾಡಿದಾಗ ಒಟ್ಟಾರೆ ಔಷಧಿಯೇ ಇಲ್ಲದ ಖಾಲಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಆ ದುಡ್ಡಿನಲ್ಲಿ ಎರಡು ಸಲ ಫಿಸಿಯೋ ಮೇಡಂ ಬಂದು ಹೋಗುತ್ತಾರೆ. ಚ್ಯವನಪ್ರಾಶದಲ್ಲಿ ಸಕ್ಕರೆ ಬಹಳ ಇದೆ, ಶುಗರ್ ಇರುವವರು ಡಬ್ಬಿ ಓದಿ.

ಫಿಸಿಯೋ ಹುಡುಕುವವರು ಫೋನಿನಲ್ಲೇ ನಾಲ್ಕು ಮಾತು ಕೇಳಿಬಿಡಿ. ಬಿಪಿಟಿ ಅಥವಾ ಎಂಪಿಟಿ (ಫಿಸಿಯೋಥೆರಪಿಯ ಪದವಿಗಳು) ಓದಿದ್ದೀರಾ? ಬರೀ ಯಂತ್ರ ಇಡದೆ ವ್ಯಾಯಾಮ ಕಲಿಸುತ್ತೀರಾ? ಮೊದಲ ದಿನ ಬಲ, ಸಮತೋಲನ ಅಳೆದು ಬರೆದಿಡುತ್ತೀರಾ? ನೀವು ಬರದ ದಿನ ಮಾಡಬೇಕಾದ್ದನ್ನು ಅಮ್ಮನಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಬರೆದುಕೊಡುತ್ತೀರಾ? ಈ ನಾಲ್ಕಕ್ಕೂ ಹೌದು ಅನ್ನದೆ ನೇರವಾಗಿ ಪ್ಯಾಕೇಜ್ ದುಡ್ಡಿನ ಮಾತಿಗೆ ಬಂದರೆ ಫೋನ್ ಇಟ್ಟು ಬೇರೆಯವರನ್ನು ಹುಡುಕಿ. ಹೌದು ಅಂದವರಿಗೂ ಮುಂಗಡ ಕೊಡಬೇಡಿ, ಮೊದಲೆರಡು ಸಲ ಬಂದುಹೋದ ಮೇಲೆ ಅಮ್ಮನನ್ನೇ ಕೇಳಿ, ಮುಂದುವರಿಸೋಣವಾ ಅಂತ.